ಮೂಳೆಯ ಜಮಾ ಖರ್ಚು

ಮನೆ ಕಟ್ಟುವಾಗ ಒಮ್ಮೆ ನಿಲ್ಲಿಸಿದ ಕಂಬ ಅಲ್ಲಿಗೇ ನಿಂತಿತು. ಈ ವರ್ಷದ ಮರ ಮುಂದಿನ ವರ್ಷ ಬೇರೆ ಮರವಾಗುವುದಿಲ್ಲ. ನಮ್ಮ ಶರೀರದ ಮೂಳೆಗಳೂ ಇಂಥ ಕಂಬಗಳೇ ಎಂದು ಸಾಮಾನ್ಯವಾಗಿ ಭಾವಿಸುವುದುಂಟು. ಇದು ಸರಿಯಲ್ಲ. ಮೂಳೆ ಸಜೀವವಾದ ಅಂಗ. ಕೆಲವು ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಿದ್ದರೆ ಬೇರೆ ಕೆಲವು ಕೋಶಗಳು ಹೊಸ ಮೂಳೆಯನ್ನು ಕಟ್ಟುತ್ತಿರುತ್ತವೆ. ಪ್ರಾಯಕ್ಕೆ ಬಂದ ಮನುಷ್ಯನ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಹೀಗೆ ಹೊಸದಾಗುತ್ತದೆ.

ಈ ಸತ್ಯವನ್ನು ಪ್ರಯೋಗದಿಂದ ತೋರಿಸಿಕೊಟ್ಟವರಲ್ಲಿ ಹೆವೆಸಿ ಮೊದಲಿಗರು. ೧೯೩೫ರಲ್ಲಿ ಅವರು ಕೋಪನ್‌ಹೇಗನ್ನಿನಲ್ಲಿ ಷೀವಿಟ್ಸ್ ಎಂಬ ವೈದ್ಯರ ಜೊತೆಗೂಡಿ ಇಲಿಗಳಿಗೆ ವಿಕಿರಣಶೀಲ ರಂಜಕವನ್ನು ತಿನ್ನಿಸಿದರು. ಬೆಳವಣಿಗೆ ಮುಗಿದ ಇಲಿಯ ಮೂಳೆಯೂ ಹೊಸ ರಂಜಕವನ್ನು ತೆಗೆದುಕೊಂಡು ಹಳೆಯದನ್ನು ಬಿಟ್ಟುಕೊಡುತ್ತಿರುವುದು ಕಂಡುಬಂದಿತು. ಮೂಳೆಯೆಂದರೆ ಕಟ್ಟಡವಲ್ಲ, ಕಣಜ; ಅದಕ್ಕೆ ದಿನವೂ ಜಮಾ ಇದೆ, ದಿನವೂ ಖರ್ಚು ಇದೆ.

ಈ ಕಣಜದ ಮುಖ್ಯ ದಾಸ್ತಾನು ಕ್ಯಾಲ್ಸಿಯಂ. ಸುಣ್ಣದಲ್ಲಿಯೂ ಸೀಮೆಸುಣ್ಣದಲ್ಲಿಯೂ ಇರುವ ಮೂಲವಸ್ತುವೇ ಇದು. ವಯಸ್ಕರ ದೇಹದಲ್ಲಿ ಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಮೂಳೆ ಮತ್ತು ಹಲ್ಲುಗಳಲ್ಲಿದೆ. ಉಳಿದ ಒಂದು ಪಾಲು ಚಿಕ್ಕದಾದರೂ ಅಲ್ಪವಲ್ಲ. ಹೃದಯ ಬಡಿಯುವುದಕ್ಕೂ, ಸ್ನಾಯುಗಳು ಸಂಕುಚಿಸುವುದಕ್ಕೂ, ರಕ್ತ ಹೆಪ್ಪುಗಟ್ಟುವುದಕ್ಕೂ ಅದು ಅತ್ಯಗತ್ಯ. ಆದುದರಿಂದ ರಕ್ತದಲ್ಲಿ ಕ್ಯಾಲ್ಸಿಯಂ ಸ್ವಲ್ಪ ಇಳಿದರೂ ದೇಹ ಕಣಜದ ಬಾಗಿಲು ತೆರೆದು ಮೂಳೆಯಿಂದ ಅದನ್ನು ತೆಗೆದುಕೊಳ್ಳುತ್ತದೆ.

ಹಾಗಾದರೆ ಒಬ್ಬನ ಮೂಳೆಯಲ್ಲಿ ಜಮಾ ಹೆಚ್ಚೋ ಖರ್ಚು ಹೆಚ್ಚೋ ಎಂಬುದನ್ನು ತಿಳಿಯುವುದು ಹೇಗೆ? ಊಟವನ್ನು ತೂಗಿದರೆ ಸಾಲದು. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ, ಅಷ್ಟೇ ಹಸುವಿನ ಹಾಲಿನಲ್ಲಿ ಸುಮಾರು ೧೨೦, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಎಷ್ಟು ಉಂಡೆವೆಂಬುದು ಒಂದು ಪ್ರಶ್ನೆ, ಅದರಲ್ಲಿ ಎಷ್ಟು ಕರುಳಿನಿಂದ ರಕ್ತಕ್ಕೆ ಸೇರಿತೆಂಬುದು ಇನ್ನೊಂದು, ಎಷ್ಟು ಮೂಳೆಯಲ್ಲಿ ನಿಂತಿತೆಂಬುದು ಮತ್ತೂ ಒಂದು. ಎಕ್ಸ್-ಕಿರಣಗಳಿಂದ ಮೂಳೆಯ ಸಾಂದ್ರತೆಯನ್ನು ಅಳೆಯಬಹುದು. ಆದರೆ ಅಳತೆಗೆ ಸಿಕ್ಕುವಷ್ಟು ವ್ಯತ್ಯಾಸವಾಗಲು ತಿಂಗಳುಗಳು, ಕೆಲವು ವೇಳೆ ವರ್ಷಗಳೇ ಬೇಕು. ಅಷ್ಟರಲ್ಲಿ ಕಳೆದುಹೋದದ್ದನ್ನು ಮರಳಿ ತುಂಬುವುದು ಕಷ್ಟ. ಮುಪ್ಪಿನಲ್ಲಿ, ಅದರಲ್ಲಿಯೂ ಸ್ತ್ರೀಯರಲ್ಲಿ, ಮೂಳೆ ಟೊಳ್ಳಾಗಿ ಸಣ್ಣ ಪೆಟ್ಟಿಗೂ ಮುರಿಯುವ ಆಸ್ಟಿಯೊಪೊರೋಸಿಸ್ ರೋಗ ಬಹಳ ಕಾಲ ಸದ್ದಿಲ್ಲದೆ ಬೆಳೆಯುತ್ತದೆ. ಆದುದರಿಂದ ಖರ್ಚು ಮೊದಲಾದ ದಿನಗಳಲ್ಲಿಯೇ ಅದನ್ನು ಅರಿಯುವ ಉಪಾಯ ಬೇಕು. ಅಂಥದೊಂದು ಉಪಾಯ ಕ್ಯಾಲ್ಸಿಯಂ ಪರಮಾಣುಗಳ ತೂಕದ ಭೇದದಲ್ಲಿ ಅಡಗಿದೆ.

ಒಂದೇ ಕುಲ, ಬೇರೆ ಬೇರೆ ತೂಕ

ಕ್ಯಾಲ್ಸಿಯಂ ಪರಮಾಣುವಿನ ಬೀಜದಲ್ಲಿ ಇಪ್ಪತ್ತು ಪ್ರೋಟಾನುಗಳಿರುತ್ತವೆ. ಈ ಸಂಖ್ಯೆ ಬದಲಾಗುವಂತಿಲ್ಲ. ಬದಲಾದರೆ ಅದು ಕ್ಯಾಲ್ಸಿಯಮ್ಮೇ ಅಲ್ಲ. ನ್ಯೂಟ್ರಾನುಗಳ ಸಂಖ್ಯೆ ಮಾತ್ರ ೨೦, ೨೨, ೨೩, ೨೪, ೨೬ ಅಥವಾ ೨೮ ಇರಬಹುದು. ಹೀಗೆ ರಾಸಾಯನಿಕ ಗುಣದಲ್ಲಿ ಒಂದೇ ಆಗಿದ್ದು ತೂಕದಲ್ಲಿ ಬೇರೆಯಾದ ಪರಮಾಣುಗಳನ್ನು ಸಮಸ್ಥಾನಿಗಳು ಅಥವಾ ಐಸೋಟೋಪುಗಳು ಎನ್ನುತ್ತೇವೆ. ಪ್ರಕೃತಿಯಲ್ಲಿ ದೊರೆಯುವ ಹತ್ತು ಸಾವಿರ ಕ್ಯಾಲ್ಸಿಯಂ ಪರಮಾಣುಗಳನ್ನು ಎಣಿಸಿದರೆ ಸುಮಾರು ೯,೬೯೪ ಪರಮಾಣುಗಳು ಕ್ಯಾಲ್ಸಿಯಂ-೪೦, ೨೦೯ ಕ್ಯಾಲ್ಸಿಯಂ-೪೪, ೬೫ ಕ್ಯಾಲ್ಸಿಯಂ-೪೨, ೧೯ ಕ್ಯಾಲ್ಸಿಯಂ-೪೮, ೧೩ ಕ್ಯಾಲ್ಸಿಯಂ-೪೩. ಕ್ಯಾಲ್ಸಿಯಂ-೪೬ ಹತ್ತು ಸಾವಿರದಲ್ಲಿ ಒಂದೂ ಪೂರ್ತಿಯಾಗಿ ಸಿಕ್ಕುವುದಿಲ್ಲ.

ಇವಲ್ಲದೆ ಕೃತಕವಾಗಿ ತಯಾರಿಸಿದ ವಿಕಿರಣಶೀಲ ಸಮಸ್ಥಾನಿಗಳೂ ಇವೆ. ಕ್ಯಾಲ್ಸಿಯಂ-೪೫ರ ಅರ್ಧಾಯುಷ್ಯ ಸುಮಾರು ೧೬೩ ದಿನ, ಕ್ಯಾಲ್ಸಿಯಂ-೪೭ರದು ನಾಲ್ಕೂವರೆ ದಿನ. ಇವನ್ನು ದೇಹಕ್ಕೆ ಸೇರಿಸಿ, ಅವು ಹೊರಸೂಸುವ ಕಿರಣಗಳ ಜಾಡು ಹಿಡಿದು, ಕ್ಯಾಲ್ಸಿಯಂ ಎಲ್ಲಿ ಹೋಗುತ್ತದೆಂಬುದನ್ನು ಕಂಡುಹಿಡಿಯಬಹುದು. ಆದರೆ ಆರೋಗ್ಯವಂತರಿಗೆ, ಮಕ್ಕಳಿಗೆ, ಗರ್ಭಿಣಿಯರಿಗೆ ಇವನ್ನು ಕೊಡುವುದು ಉಚಿತವಲ್ಲ. ಸತ್ತವರ ಮೂಳೆಯ ವಿಷಯದಲ್ಲಿ ಅದು ಸಾಧ್ಯವೂ ಇಲ್ಲ. ನಾವು ಇಲ್ಲಿ ಹೇಳಹೊರಟಿರುವ ವಿಧಾನದಲ್ಲಿ ಯಾರಿಗೂ ಏನನ್ನೂ ಕುಡಿಸಬೇಕಾಗಿಲ್ಲ. ಊಟದಲ್ಲಿ ತಾನಾಗಿಯೇ ಬರುವ ಸಮಸ್ಥಾನಿಗಳ ಪ್ರಮಾಣವನ್ನು ಅಳೆದರೆ ಸಾಕು.

ಹಗುರವಾದುದಕ್ಕೆ ಮೊದಲ ಮಣೆ

ಸಮಸ್ಥಾನಿಗಳ ರಾಸಾಯನಿಕ ಗುಣ ಒಂದೇ ಎಂದೆವು. ಇದು ಬಹುಮಟ್ಟಿಗೆ ನಿಜ, ಪೂರ್ತಿ ನಿಜವಲ್ಲ. ಒಂದೇ ಉಷ್ಣತೆಯಲ್ಲಿರುವ ಕಣಗಳ ಸರಾಸರಿ ಚಲನಶಕ್ತಿ ಒಂದೇ ಆಗಿರುವುದರಿಂದ ಹಗುರವಾದ ಕಣ ಹೆಚ್ಚು ವೇಗದಿಂದ ಚಲಿಸಬೇಕೆಂದು ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿತಿರುತ್ತಾರೆ. ವೇಗಗಳ ನಿಷ್ಪತ್ತಿ ದ್ರವ್ಯರಾಶಿಗಳ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ೪೪ನ್ನು ೪೦ರಿಂದ ಭಾಗಿಸಿದರೆ ೧.೧, ಅದರ ವರ್ಗಮೂಲ ೧.೦೪೯. ಎಂದರೆ ಬಿಡಿಬಿಡಿಯಾದ ಪರಮಾಣುಗಳಲ್ಲಿ ಕ್ಯಾಲ್ಸಿಯಂ-೪೦ ತನ್ನ ಭಾರವಾದ ಸೋದರನಿಗಿಂತ ನೂರಕ್ಕೆ ಸುಮಾರು ಐದರಷ್ಟು ವೇಗಶಾಲಿ.

ದೇಹದ್ರವಗಳಲ್ಲಿ ಕ್ಯಾಲ್ಸಿಯಂ ಹೀಗೆ ಬಿಡಿಯಾಗಿ ಇರುವುದಿಲ್ಲ. ಅಯಾನು ರೂಪದಲ್ಲಿದ್ದು ತನ್ನ ಸುತ್ತ ನೀರಿನ ಅಣುಗಳನ್ನು ಹೊದ್ದುಕೊಂಡಿರುತ್ತದೆ. ಈ ಹೊದಿಕೆಯಿಂದಲೂ ಅಕ್ಕಪಕ್ಕದ ಅಣುಗಳ ತಡೆಯಿಂದಲೂ ತೂಕದ ಭೇದದ ಪರಿಣಾಮ ಬಹಳ ಕುಗ್ಗುತ್ತದೆ. ಕುಗ್ಗಿದರೂ ಸೊನ್ನೆಯಾಗುವುದಿಲ್ಲ. ಹೊದಿಕೆಯನ್ನು ಕಳಚಿ ಮೂಳೆಯ ಸ್ಫಟಿಕದಲ್ಲಿ ಸೇರಿಕೊಳ್ಳುವ ಸರದಿಯಲ್ಲಿ ಹಗುರವಾದ ಪರಮಾಣು ಸ್ವಲ್ಪ ಮುಂದಿರುತ್ತದೆ. ಈ ಆಯ್ಕೆ ಮೂಳೆ ಕಟ್ಟುವ ಯಾವ ಹಂತದಲ್ಲಿ ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬ ವಿಷಯದಲ್ಲಿ ವಿಜ್ಞಾನಿಗಳ ಚರ್ಚೆ ಇನ್ನೂ ಮುಗಿದಿಲ್ಲ. ಆಯ್ಕೆ ನಡೆಯುತ್ತದೆಂಬುದರಲ್ಲಿ ಮಾತ್ರ ಸಂಶಯವಿಲ್ಲ. ಅಮೆರಿಕದ ಸ್ಕುಲಾನ್ ಮತ್ತು ಡಿಪಾವ್ಲೊ ಎಂಬವರು ೧೯೯೯ರಲ್ಲಿ ಹಲವು ಪ್ರಾಣಿಗಳ ಆಹಾರ, ಮೃದು ಅಂಗಗಳು ಮತ್ತು ಮೂಳೆಗಳನ್ನು ಹೋಲಿಸಿ, ಮೂಳೆಯ ಕ್ಯಾಲ್ಸಿಯಂ ಆಹಾರದ ಕ್ಯಾಲ್ಸಿಯಮ್ಮಿಗಿಂತ ಸಾವಿರಕ್ಕೆ ಸುಮಾರು ೧.೩ರಷ್ಟು ಹಗುರವೆಂದು ತೋರಿಸಿದರು.

ಸಾವಿರಕ್ಕೆ ೧.೩ ಎಂದರೇನು? ಆಹಾರದಲ್ಲಿ ಹತ್ತು ಲಕ್ಷ ಕ್ಯಾಲ್ಸಿಯಂ-೪೦ ಪರಮಾಣುಗಳ ಜೊತೆಗೆ ೨೧,೫೨೦ ಕ್ಯಾಲ್ಸಿಯಂ-೪೪ ಪರಮಾಣುಗಳಿವೆಯೆಂದು ಇಟ್ಟುಕೊಳ್ಳೋಣ. ಅದೇ ಹತ್ತು ಲಕ್ಷಕ್ಕೆ ಮೂಳೆಯಲ್ಲಿ ೨೧,೪೯೨ ಇರುತ್ತವೆ. ವ್ಯತ್ಯಾಸ ಕೇವಲ ಇಪ್ಪತ್ತೆಂಟು ಪರಮಾಣು. ಈ ಲೇಖನದಲ್ಲಿ ಹೇಳುವುದೆಲ್ಲವೂ ಈ ಇಪ್ಪತ್ತೆಂಟನ್ನು ತಪ್ಪದೆ ಎಣಿಸಬಲ್ಲ ಕೌಶಲದ ಮೇಲೆ ನಿಂತಿದೆ.

ಎಣಿಸುವ ಬಗೆ

ಎಣಿಸುವ ಉಪಕರಣಕ್ಕೆ ಮಾಸ್ ಸ್ಪೆಕ್ಟ್ರೊಮೀಟರು ಎಂದು ಹೆಸರು. ೧೯೧೯ರಲ್ಲಿ ಆಸ್ಟನ್ ನಿರ್ಮಿಸಿದ ಯಂತ್ರದ ವಂಶಕ್ಕೆ ಸೇರಿದ್ದು ಇದು. ಮೂಳೆಯ ಚೂರನ್ನಾಗಲಿ ರಕ್ತ ಮೂತ್ರಗಳನ್ನಾಗಲಿ ಶುದ್ಧೀಕರಿಸಿ, ಕ್ಯಾಲ್ಸಿಯಮ್ಮನ್ನು ಬೇರ್ಪಡಿಸಿ, ಅದರ ಪರಮಾಣುಗಳಿಗೆ ವಿದ್ಯುದಾವೇಶ ಕೊಟ್ಟು, ಒಂದೇ ವಿಭವಾಂತರದ ಮೂಲಕ ಓಡಿಸಿ ಕಾಂತಕ್ಷೇತ್ರಕ್ಕೆ ಬಿಡುತ್ತಾರೆ. ಅಲ್ಲಿ ಅವು ವೃತ್ತಾಕಾರದ ದಾರಿ ಹಿಡಿಯುತ್ತವೆ. ದಾರಿಯ ತ್ರಿಜ್ಯ ದ್ರವ್ಯರಾಶಿಯ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಕ್ಯಾಲ್ಸಿಯಂ-೪೦ರ ದಾರಿಯ ತ್ರಿಜ್ಯ ೨೫ ಸೆಂಟಿಮೀಟರ್ ಆದರೆ ಕ್ಯಾಲ್ಸಿಯಂ-೪೪ರದು ೨೬.೨ ಸೆಂಟಿಮೀಟರ್. ಹೀಗೆ ಬೇರೆ ಬೇರೆ ದಾರಿ ಹಿಡಿದು ಬಂದವನ್ನು ಬೇರೆ ಬೇರೆ ಬಟ್ಟಲುಗಳಲ್ಲಿ ಹಿಡಿದು ಅವುಗಳ ವಿದ್ಯುತ್ಪ್ರವಾಹವನ್ನು ಹೋಲಿಸಿದರೆ ಪ್ರಮಾಣ ತಿಳಿಯುತ್ತದೆ.

ಹೇಳುವುದು ಸುಲಭ, ಮಾಡುವುದು ಕಷ್ಟ. ಮೊದಲನೆಯದಾಗಿ, ಆರ್ಗಾನ್ ಅನಿಲದ ಮುಖ್ಯ ಸಮಸ್ಥಾನಿಯ ತೂಕವೂ ೪೦. ಆರ್ಗಾನ್ ಪ್ಲಾಸ್ಮಾ ಬಳಸುವ ಯಂತ್ರಗಳಲ್ಲಿ ಅದು ಕ್ಯಾಲ್ಸಿಯಂ-೪೦ರ ಬಟ್ಟಲಿಗೇ ಬಂದು ಬೀಳುತ್ತದೆ. ಆದುದರಿಂದ ಅಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ೪೪ನ್ನು ೪೨ರೊಡನೆ ಹೋಲಿಸುತ್ತಾರೆ. ತೂಕದ ಅಂತರ ಅರ್ಧಕ್ಕೆ ಇಳಿಯುವುದರಿಂದ ದೊರೆಯುವ ಅಂಕಿಗಳೂ ಸುಮಾರು ಅರ್ಧದಷ್ಟಾಗುತ್ತವೆ. ಎರಡನೆಯದಾಗಿ, ಮೂಳೆಯಲ್ಲಿ ಕ್ಯಾಲ್ಸಿಯಮ್ಮಿನ ನಂಟನಾದ ಸ್ಟ್ರಾಂಷಿಯಂ ಇದ್ದೇ ಇರುತ್ತದೆ. ಯಂತ್ರ ನೋಡುವುದು ತೂಕವನ್ನು ಮಾತ್ರವಲ್ಲ, ತೂಕಕ್ಕೂ ಆವೇಶಕ್ಕೂ ಇರುವ ನಿಷ್ಪತ್ತಿಯನ್ನು. ಎರಡು ಆವೇಶ ಹೊತ್ತ ಸ್ಟ್ರಾಂಷಿಯಂ-೮೮ ಅದರ ಕಣ್ಣಿಗೆ ೪೪ ಆಗಿಯೇ ಕಾಣುತ್ತದೆ. ಆದುದರಿಂದ ಸ್ಟ್ರಾಂಷಿಯಮ್ಮನ್ನು ಮೊದಲೇ ತೆಗೆದುಹಾಕಬೇಕು.

ಮೂರನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಯಂತ್ರ ಕೂಡ ಹಗುರ ಪರಮಾಣುಗಳಿಗೂ ಭಾರದವಕ್ಕೂ ಭೇದ ಮಾಡುತ್ತದೆ. ಮೂಳೆ ಮಾಡಿದ ಭೇದವೆಷ್ಟು, ಯಂತ್ರ ಮಾಡಿದ್ದೆಷ್ಟು ಎಂದು ಬಿಡಿಸಿ ಹೇಳುವುದು ಹೇಗೆ? ೧೯೭೮ರಲ್ಲಿ ರಸೆಲ್, ಪಪನಾಸ್ಟಾಸಿಯು ಮತ್ತು ಟೊಂಬ್ರೆಲ್ಲೊ ಇದಕ್ಕೆ ಒಳ್ಳೆಯ ಉಪಾಯವನ್ನು ಕ್ಯಾಲ್ಸಿಯಮ್ಮಿಗೆ ಅನ್ವಯಿಸಿ ತೋರಿಸಿದರು. ಅಪರೂಪದ ಕ್ಯಾಲ್ಸಿಯಂ-೪೨ ಮತ್ತು ಕ್ಯಾಲ್ಸಿಯಂ-೪೮ಗಳನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಿ, ಆ ಮಿಶ್ರಣವನ್ನು ಮಾದರಿಗೆ ಕೂಡಿಸುವುದೇ ಈ ಉಪಾಯ. ಕೂಡಿಸಿದ ಪ್ರಮಾಣ ನಮಗೆ ಮೊದಲೇ ಗೊತ್ತು. ಯಂತ್ರ ಅದನ್ನು ಎಷ್ಟು ಓರೆಯಾಗಿ ತೋರಿಸಿತೆಂಬುದರಿಂದ ಯಂತ್ರದ ಓರೆಯನ್ನು ಲೆಕ್ಕ ಹಾಕಿ ಕಳೆಯಬಹುದು. ಅಂಗಡಿಯ ತಕ್ಕಡಿಯನ್ನು ನಂಬದವನು ತನ್ನದೇ ಬಟ್ಟನ್ನು ತೂಗಿ ನೋಡುವಂತೆ.

ಲೆಕ್ಕ ಹೇಗೆ ಬರುತ್ತದೆ?

ಈಗ ಜಮಾ ಖರ್ಚಿಗೆ ಬರೋಣ. ರಕ್ತಕ್ಕೆ ಕ್ಯಾಲ್ಸಿಯಂ ಬರುವ ದಾರಿ ಎರಡು: ಆಹಾರ ಮತ್ತು ಕರಗುವ ಮೂಳೆ. ಹೋಗುವ ದಾರಿಯೂ ಎರಡು: ಹೊಸ ಮೂಳೆ ಮತ್ತು ವಿಸರ್ಜನೆ. ಹೊಸ ಮೂಳೆ ಹಗುರವಾದುದನ್ನು ಆರಿಸಿಕೊಳ್ಳುತ್ತದೆ. ಕರಗುವ ಮೂಳೆ ಹಿಂದೆ ಆರಿಸಿಕೊಂಡ ಹಗುರವಾದುದನ್ನೇ ಮರಳಿ ಕೊಡುತ್ತದೆ. ಕಟ್ಟುವುದೂ ಕರಗುವುದೂ ಸಮನಾಗಿದ್ದರೆ ಕೊಟ್ಟದ್ದಕ್ಕೂ ಕೊಂಡದ್ದಕ್ಕೂ ಸರಿಹೋಗಿ ರಕ್ತದ ಕ್ಯಾಲ್ಸಿಯಂ ಆಹಾರದ ಮಟ್ಟದಲ್ಲಿಯೇ ನಿಲ್ಲುತ್ತದೆ. ಕಟ್ಟುವುದು ಹೆಚ್ಚಾದರೆ ಹಗುರವಾದುದು ಮೂಳೆಗೆ ಸೇರಿ ರಕ್ತದಲ್ಲಿ ಭಾರವಾದುದರ ಪ್ರಮಾಣ ಏರುತ್ತದೆ. ಕರಗುವುದು ಹೆಚ್ಚಾದರೆ ರಕ್ತ ಹಗುರವಾಗುತ್ತದೆ.

ಒಂದು ಉದಾಹರಣೆ. ಆಹಾರದಿಂದ ದಿನಕ್ಕೆ ೩೦೦ ಮಿಲಿಗ್ರಾಂ ರಕ್ತಕ್ಕೆ ಬರುತ್ತದೆ. ೩೦೦ ಮಿಲಿಗ್ರಾಂ ಮೂಳೆಗೆ ಹೋಗುತ್ತದೆ. ಆದರೆ ಮೂಳೆಯಿಂದ ೪೦೦ ಮಿಲಿಗ್ರಾಂ ಕರಗಿ ಬರುತ್ತದೆ ಎಂದು ಊಹಿಸೋಣ. ರಕ್ತದಲ್ಲಿನ ಮೊತ್ತ ಬದಲಾಗದಿರಬೇಕಾದರೆ ೪೦೦ ಮಿಲಿಗ್ರಾಂ ವಿಸರ್ಜನೆಯಾಗಬೇಕು. ಆಹಾರದ ಮಟ್ಟವನ್ನು ಸೊನ್ನೆಯೆಂದು ಹಿಡಿದರೆ ಹಳೆಯ ಮೂಳೆಯ ಮಟ್ಟ ಋಣ ೧.೩. ಬರುವ ಕಡೆಯ ಮೊತ್ತ ೩೦೦ × ೦ ಮತ್ತು ೪೦೦ × ಋಣ ೧.೩, ಎಂದರೆ ಋಣ ೫೨೦. ಹೋಗುವ ಕಡೆ, ರಕ್ತದ ಮಟ್ಟದ ೭೦೦ ಪಾಲು, ಮತ್ತು ಹೊಸ ಮೂಳೆಯ ಆಯ್ಕೆಗಾಗಿ ೩೦೦ × ಋಣ ೧.೩, ಎಂದರೆ ಋಣ ೩೯೦. ಎರಡನ್ನೂ ಸಮ ಮಾಡಿದರೆ ರಕ್ತದ ಮಟ್ಟ ಋಣ ೧೩೦ ಭಾಗ ೭೦೦, ಎಂದರೆ ಸಾವಿರಕ್ಕೆ ಸುಮಾರು ೦.೧೯ರಷ್ಟು ಹಗುರ. ಈ ಊಹೆಯ ಪ್ರಕಾರ ದಿನಕ್ಕೆ ಕಳೆಯುವುದು ನೂರು ಮಿಲಿಗ್ರಾಂ; ಒಂದು ಕಿಲೋಗ್ರಾಂ ದಾಸ್ತಾನಿನಲ್ಲಿ ಅದು ಹತ್ತು ಸಾವಿರದಲ್ಲೊಂದು ಪಾಲು. ಎಕ್ಸ್-ಕಿರಣದ ಅಳತೆಗೆ ಈ ಒಂದು ದಿನದ ನಷ್ಟ ಕಾಣುವುದೇ ಇಲ್ಲ. ಸಮಸ್ಥಾನಿಗಳ ಲೆಕ್ಕ ಉಳಿದ ದಾಸ್ತಾನನ್ನು ತೂಗುವುದಿಲ್ಲ. ಬಾಗಿಲಲ್ಲಿ ನಿಂತು ಬರುವುದನ್ನೂ ಹೋಗುವುದನ್ನೂ ನೋಡುತ್ತದೆ. ಅದರ ಹಿರಿಮೆ ಇರುವುದು ಇಲ್ಲಿಯೇ.

ಕರಗುವುದು ೩೦೦, ಕಟ್ಟುವುದು ೪೦೦ ಆದರೆ ಏನಾಗುತ್ತದೆಂದು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ರಕ್ತ ಸಾವಿರಕ್ಕೆ ೦.೨೨ರಷ್ಟು ಭಾರವೆಂದು ಉತ್ತರ ಬರಬೇಕು.

ಹಾಸಿಗೆ ಹಿಡಿಸಿ ನೋಡಿದ ಪ್ರಯೋಗ

ನಡೆದಾಡದೆ ಮಲಗಿರುವವರ ಮೂಳೆ ಸವೆಯುತ್ತದೆ. ಭಾರವೇ ಇಲ್ಲದ ಆಕಾಶಯಾನದಲ್ಲಿಯೂ ಹಾಗೆಯೇ. ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ ಒಂದಕ್ಕಿಂತ ಹೆಚ್ಚು ಪಾಲು ಕಳೆದುಕೊಳ್ಳಬಹುದು. ಆದುದರಿಂದ ಆರೋಗ್ಯವಂತರಾದ ಸ್ವಯಂಸೇವಕರನ್ನು ವಾರಗಟ್ಟಲೆ ಹಾಸಿಗೆಯಲ್ಲಿಯೇ ಇರಿಸಿ ಪರೀಕ್ಷಿಸುವ ಪ್ರಯೋಗಗಳು ನಡೆದಿವೆ. ೨೦೦೭ರಲ್ಲಿ ಸ್ಕುಲಾನ್ ಮತ್ತು ಸಂಗಡಿಗರು ಹದಿನೇಳು ವಾರಗಳ ಇಂಥ ಪ್ರಯೋಗದಲ್ಲಿ ಸಂಗ್ರಹವಾಗಿದ್ದ ಮೂತ್ರವನ್ನು ಪರೀಕ್ಷಿಸಿದರು. ಸುಮ್ಮನೆ ಮಲಗಿದ್ದವರ ಮೂತ್ರದ ಕ್ಯಾಲ್ಸಿಯಂ, ವ್ಯಾಯಾಮ ಮಾಡಿದವರ ಅಥವಾ ಮೂಳೆ ಸವೆತವನ್ನು ತಡೆಯುವ ಔಷಧ ಸೇವಿಸಿದವರ ಕ್ಯಾಲ್ಸಿಯಮ್ಮಿಗಿಂತ ಹಗುರವಾಗಿತ್ತು. ೨೦೧೨ರಲ್ಲಿ ಮಾರ್ಗನ್, ಅನ್ಬಾರ್ ಮೊದಲಾದವರು ಹನ್ನೆರಡು ಮಂದಿಯನ್ನು ಮೂವತ್ತು ದಿನ ಹಾಸಿಗೆಯಲ್ಲಿರಿಸಿದ ಪ್ರಯೋಗದ ಫಲವನ್ನು ಪ್ರಕಟಿಸಿದರು. ಮೂಳೆಯ ನಷ್ಟ ಆರಂಭವಾದುದು ಸುಮಾರು ಒಂದೇ ವಾರದಲ್ಲಿ ಸಮಸ್ಥಾನಿಗಳಿಂದ ತಿಳಿದುಬಂದಿತ್ತು.

ಇಲ್ಲಿ ಒಂದು ಎಚ್ಚರಿಕೆ. ಮೂತ್ರಪಿಂಡಗಳು ಸೋಸಿದ ಕ್ಯಾಲ್ಸಿಯಮ್ಮಿನ ಬಹುಭಾಗವನ್ನು ರಕ್ತಕ್ಕೆ ಹಿಂದಿರುಗಿಸುತ್ತವೆ. ಆಗಲೂ ಹಗುರವಾದುದಕ್ಕೇ ಮೊದಲ ಮಣೆ. ಆದುದರಿಂದ ಮೂತ್ರದ ಕ್ಯಾಲ್ಸಿಯಂ ರಕ್ತದ್ದಕ್ಕಿಂತ ಭಾರವಾಗಿಯೇ ಇರುತ್ತದೆ. ಒಂದು ದಿನದ ಒಂದೇ ಅಂಕಿಯಿಂದ ತೀರ್ಮಾನಕ್ಕೆ ಬರುವುದಕ್ಕಿಂತ, ಅದೇ ವ್ಯಕ್ತಿಯ ಅಂಕಿ ದಿನದಿಂದ ದಿನಕ್ಕೆ ಯಾವ ಕಡೆಗೆ ಸರಿಯುತ್ತಿದೆಯೆಂದು ನೋಡುವುದು ಹೆಚ್ಚು ನಂಬಿಕೆಗೆ ಅರ್ಹ.

ರೋಗಿಗಳ ವಿಷಯದಲ್ಲಿಯೂ ಈ ವಿಧಾನವನ್ನು ಪರೀಕ್ಷಿಸಿದ್ದಾರೆ. ಮೂಳೆಯ ಮಜ್ಜೆಯಲ್ಲಿ ಹುಟ್ಟಿ ಮೂಳೆಯನ್ನೇ ತಿನ್ನುವ ಮೈಲೋಮಾ ಎಂಬ ಅರ್ಬುದರೋಗದಲ್ಲಿ ರಕ್ತದ ಕ್ಯಾಲ್ಸಿಯಂ ಹಗುರವಾಗುವುದನ್ನು ೨೦೧೪ರ ಅಧ್ಯಯನವೊಂದು ತೋರಿಸಿತು. ಮುಟ್ಟು ನಿಂತ ಸ್ತ್ರೀಯರಲ್ಲಿ ಆಸ್ಟಿಯೊಪೊರೋಸಿಸ್ ಇರುವವರ ರಕ್ತ ಮೂತ್ರಗಳ ಕ್ಯಾಲ್ಸಿಯಂ ಉಳಿದವರದಕ್ಕಿಂತ ಹಗುರವೆಂದು ಜರ್ಮನಿಯ ಕೀಲ್ ನಗರದ ಐಸನ್‌ಹವರ್ ಮತ್ತು ಸಂಗಡಿಗರು ೨೦೧೯ರಲ್ಲಿ ವರದಿ ಮಾಡಿದರು. ಯಂತ್ರ ದುಬಾರಿಯಾದುದು, ಕೆಲಸ ನಾಜೂಕಾದುದು; ಸಾಮಾನ್ಯ ಆಸ್ಪತ್ರೆಗಳ ನಿತ್ಯದ ಪರೀಕ್ಷೆಯಾಗಿ ಇದು ಇನ್ನೂ ಹರಡಿಲ್ಲ.

ಹಳೆಯ ಮೂಳೆಗಳ ಸಾಕ್ಷ್ಯ

ಜೀವಂತರ ಲೆಕ್ಕ ಹೀಗಾಯಿತು. ಸಾವಿರಾರು ವರ್ಷಗಳ ಹಿಂದೆ ಸತ್ತವರ ಮೂಳೆಯಿಂದ ಅವರ ಊಟವನ್ನು ತಿಳಿಯಬಹುದೇ? ಮೇಲುನೋಟಕ್ಕೆ ಇದು ಸುಲಭವಾಗಿ ಕಾಣುತ್ತದೆ. ಮೂಳೆ ಆಹಾರಕ್ಕಿಂತ ಇಂತಿಷ್ಟು ಹಗುರ. ಆದುದರಿಂದ ಮೂಳೆಯನ್ನು ಅಳೆದರೆ ಆಹಾರ ತಿಳಿಯಬೇಕು. ಹಾಲಿನ ಕ್ಯಾಲ್ಸಿಯಂ ಮನುಷ್ಯನ ಆಹಾರಗಳಲ್ಲೆಲ್ಲ ಬಹಳ ಹಗುರವಾದುದೆಂದು ೨೦೦೬ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳು ಕಂಡುಕೊಂಡಿದ್ದರು. ಹಾಗಾದರೆ ಮಾನವನು ದನಕುರಿಗಳನ್ನು ಸಾಕಿ ಹಾಲುಣ್ಣಲು ತೊಡಗಿದ ಕಾಲವನ್ನು ಮೂಳೆಗಳಿಂದಲೇ ಗೊತ್ತುಮಾಡಬಹುದೆಂಬ ಆಸೆ ಹುಟ್ಟಿತು.

೨೦೧೦ರಲ್ಲಿ ಅದೇ ಆಕ್ಸ್‌ಫರ್ಡಿನ ರೇನಾರ್ಡ್, ಹೆಂಡರ್ಸನ್ ಮತ್ತು ಹೆಜಸ್ ಪ್ರಾಚೀನ ಹಾಗೂ ಆಧುನಿಕ ಮೂಳೆಗಳ ೨೧೬ ಮಾದರಿಗಳನ್ನು ಅಳೆದರು. ಮನುಷ್ಯರ ಮೂಳೆ ಅದೇ ಸ್ಥಳದ ಪ್ರಾಣಿಗಳದಕ್ಕಿಂತ ಹಗುರವಾಗಿಯೇ ಇತ್ತು. ಆದರೆ ಪಶುಪಾಲನೆ ಆರಂಭವಾಗುವುದಕ್ಕೆ ಮುಂಚಿನ ಸ್ಥಳಗಳಲ್ಲಿಯೂ ಅದು ಹಾಗೆಯೇ ಇತ್ತು! ಹಾಲೇ ಇಲ್ಲದ ಕಾಲದಲ್ಲಿ ಹಾಲು ಕಾರಣವಾಗುವುದೆಂತು? ಒಬ್ಬೊಬ್ಬರ ದೇಹಪ್ರಕೃತಿ, ಅವರು ಸೇವಿಸಿದ ಕ್ಯಾಲ್ಸಿಯಮ್ಮಿನ ಮೊತ್ತ, ಇವೇ ಮುಖ್ಯವಾಗಿರಬಹುದೆಂದು ಅವರು ಸೂಚಿಸಿದರು. ಅದೇ ಅಧ್ಯಯನದಲ್ಲಿ ಇನ್ನೊಂದು ಅರ್ಥಗರ್ಭಿತವಾದ ಸಂಗತಿಯೂ ಹೊರಬಿತ್ತು. ಒಂದೇ ಹುಲ್ಲುಗಾವಲಿನಲ್ಲಿ ಬೆಳೆದ ಕುರಿಗಳಲ್ಲಿ ಹೆಣ್ಣುಕುರಿಗಳ ಮೂಳೆ ಟಗರುಗಳದಕ್ಕಿಂತ ಸಾವಿರಕ್ಕೆ ೦.೧೪ರಷ್ಟು ಭಾರವಾಗಿತ್ತು, ಇದು ೪೪ನ್ನು ೪೨ರೊಡನೆ ಹೋಲಿಸಿದ ಲೆಕ್ಕ. ಮೇವು ಒಂದೇ, ಮೂಳೆ ಬೇರೆ. ತಾಯಿಕುರಿ ತನ್ನ ಹಗುರವಾದ ಕ್ಯಾಲ್ಸಿಯಮ್ಮನ್ನು ಹಾಲಿನಲ್ಲಿ ಮರಿಗೆ ಕೊಟ್ಟಿತ್ತು. ಉಳಿದುದು ಸ್ವಲ್ಪ ಭಾರವಾದುದು. ಹೀಗೆ ಮೂಳೆ ತಾನು ತಿಂದದ್ದನ್ನು ಮಾತ್ರವಲ್ಲ, ಕೊಟ್ಟದ್ದನ್ನೂ ಬರೆದಿಡುತ್ತದೆ.

ತಾಯಿ ಕೊಟ್ಟುದು ಮಗುವಿನ ಹಲ್ಲಿನಲ್ಲಿ ಕಾಣಬೇಕಷ್ಟೆ. ಮೂಳೆ ಮತ್ತೆ ಮತ್ತೆ ಹೊಸದಾಗುವುದರಿಂದ ಅದರಲ್ಲಿ ಹಲವು ವರ್ಷಗಳ ಸರಾಸರಿ ಮಾತ್ರ ಉಳಿಯುತ್ತದೆ. ಹಲ್ಲಿನ ಮೇಲಣ ದಂತಕವಚ ಹಾಗಲ್ಲ. ಬಾಲ್ಯದಲ್ಲಿ ಒಮ್ಮೆ ರೂಪುಗೊಂಡರೆ ಮತ್ತೆ ಬದಲಾಗದು, ನೆಲದಲ್ಲಿ ಹೂತಿದ್ದರೂ ಬಹಳ ಕಾಲ ಕೆಡದು. ಎದೆಹಾಲುಣ್ಣುತ್ತಿದ್ದಾಗ ಬೆಳೆದ ಕವಚ ಹಗುರವಾಗಿಯೂ ಹಾಲು ಬಿಟ್ಟ ಮೇಲೆ ಬೆಳೆದದ್ದು ಭಾರವಾಗಿಯೂ ಇರಬೇಕು. ಈ ಸೂತ್ರವನ್ನು ಹಿಡಿದು ಟಕೈಲ್ ಮತ್ತು ಸಂಗಡಿಗರು ೨೦೧೯ರಲ್ಲಿ ದಕ್ಷಿಣ ಆಫ್ರಿಕದ ಆದಿಮಾನವರ ಹಲ್ಲುಗಳನ್ನು ಪರೀಕ್ಷಿಸಿದರು. ನಮ್ಮ ಹೋಮೋ ಕುಲದ ಪ್ರಾಚೀನ ಶಿಶುಗಳು ದೀರ್ಘಕಾಲ ಎದೆಹಾಲು ಉಂಡಿದ್ದವು; ಆಸ್ಟ್ರಲೋಪಿಥೆಕಸ್ ಮತ್ತು ಪ್ಯಾರಾಂತ್ರೊಪಸ್ ಶಿಶುಗಳಲ್ಲಿ ಆ ಗುರುತು ಅಷ್ಟಾಗಿ ಇಲ್ಲ. ಇನ್ನೂ ಹಿಂದಕ್ಕೆ ಹೋದರೆ, ಮೊರಾಕೊ ಮತ್ತು ನೈಜರ್ ದೇಶಗಳಲ್ಲಿ ಒಂದೇ ಕಾಲಕ್ಕೆ ಒಟ್ಟಿಗೆ ಬಾಳಿದ ಮಾಂಸಾಹಾರಿ ಡೈನೋಸಾರುಗಳಲ್ಲಿ ಸ್ಪೈನೋಸಾರುಗಳು ಮೀನನ್ನೂ ಉಳಿದವು ನೆಲದ ಪ್ರಾಣಿಗಳನ್ನೂ ಅವಲಂಬಿಸಿದ್ದುವೆಂದು ೨೦೧೮ರ ಅಧ್ಯಯನವೊಂದು ಇದೇ ಅಳತೆಯಿಂದ ಸೂಚಿಸಿತು.

ಆದುದರಿಂದ ಈ ವಿಧಾನದ ಬೆಲೆಯನ್ನು ಅರಿಯುವಾಗ ಅದರ ಎಲ್ಲೆಯನ್ನೂ ಅರಿಯಬೇಕು. ಯಂತ್ರ ನಮಗೆ ಕೊಡುವುದು ಒಂದು ಅಂಕಿಯನ್ನು. ಆ ಅಂಕಿಯಲ್ಲಿ ಆಹಾರದ ಕೈಯೂ ಇದೆ. ಬೆಳವಣಿಗೆ, ಹಾಲೂಡಿಕೆ, ಮೂತ್ರಪಿಂಡ, ರೋಗಗಳ ಕೈಯೂ ಇದೆ. ಕುರಿಗಳಲ್ಲಿ ಮೇವು ಒಂದೇ ಆಗಿತ್ತು, ಆದುದರಿಂದ ಹಾಲೂಡಿಕೆಯ ಗುರುತು ಕಂಡಿತು. ಹಾಸಿಗೆಯ ಪ್ರಯೋಗದಲ್ಲಿ ಒಬ್ಬನನ್ನು ಅವನೊಡನೆಯೇ ಹೋಲಿಸಿದರು, ಆದುದರಿಂದ ಮೂಳೆಯ ಸವೆತ ಕಂಡಿತು. ಉಳಿದುವನ್ನೆಲ್ಲ ಸ್ಥಿರವಾಗಿರಿಸಿ ಒಂದನ್ನು ಮಾತ್ರ ಬದಲಿಸಬೇಕೆಂಬ ಪ್ರಯೋಗಶಾಲೆಯ ಮೊದಲ ಪಾಠವೇ ಇಲ್ಲಿಯೂ ದಾರಿ ತೋರುತ್ತದೆ. ಆ ಪಾಠವನ್ನು ಮರೆಯದವನಿಗೆ ಹತ್ತು ಲಕ್ಷದಲ್ಲಿ ಇಪ್ಪತ್ತೆಂಟು ಪರಮಾಣುಗಳ ಕೊರತೆ, ಮುಪ್ಪಿನವರ ಮೂಳೆ ಮುರಿಯುವ ಮೊದಲೇ ಎಚ್ಚರಿಕೆ ಕೊಡುವ ಸುದ್ದಿಯಾಗುತ್ತದೆ.